ಹೆಣ್ಣು ನೋಡುವ ದಿನ ಯಾವ ಹಾಡು?

ಗ್ರಾಮಫೋನಿನ ಸೂಜಿಗಳಿದ್ದ ಪುಟ್ಟ ತಗಡಿನ ಡಬ್ಬಿ ನಮ್ಮ ಸೋದರತ್ತೆಯ ಸೆರಗಿನ ಗಂಟಿನಲ್ಲಿತ್ತು. ಅವರು ನಡೆದಾಗಲೆಲ್ಲ ಅದು ಗಿಲಗಿಲ ಎನ್ನುತ್ತಿತ್ತು. ಆ ವಾರವಿಡೀ ನಮ್ಮ ಮನೆಯಲ್ಲಿ ಕೇಳಿಬಂದ ಸಂಗೀತ ಅದೊಂದೇ.

ಶುಕ್ರವಾರ ನನ್ನ ತಂಗಿ ಕಮಲಳನ್ನು ನೋಡಲು ಬಳ್ಳಾರಿಯವರು ಬರುವವರಿದ್ದರು. ನೋಡಲು ಬಂದವರ ಮುಂದೆ ಹೆಣ್ಣು ಹಾಡಲೇಬೇಕು. ಮದುವೆಯಾದ ಮೇಲೆ ಜನ್ಮದಲ್ಲಿ ಯಾರೂ ಅವಳನ್ನು ಹಾಡು ಎನ್ನದಿದ್ದರೂ ಅಂದು ಮಾತ್ರ ಹಾಡಬೇಕು. ಕಮಲ ಫೋಟೋ ನೋಡಿಯೇ ಹುಡುಗನನ್ನು ಮೆಚ್ಚಿಬಿಟ್ಟಿದ್ದಳು. ಆದ್ದರಿಂದ ಹಾಡು ಕೆಡುವಂತಿರಲಿಲ್ಲ. ಅವಳಿಗೆ ಚೆನ್ನಾಗಿ ಬರುತ್ತಿದ್ದುದು ಒಂದು ಟಾಕಿಯ, ಅಂದರೆ ಸಿನಿಮಾದ, ಹಾಡು. ಅದು ಕಿವಿಗೆ ಬಿದ್ದೊಡನೆ ಅತ್ತೆ, ಗ್ರಾಮಫೋನು ಹಾಕಲಾಗದಂತೆ, ಸೂಜಿಗಳನ್ನು ಜಪ್ತಿ ಮಾಡಿದರು.

“ಟಾಕಿ ಹಾಡು ಹೇಳಿದರ ಬೀಗರು ಉಪ್ಪಿಟ್ಟು ಬಿಟ್ಟು ಎದ್ದು ಹೋಗ್ತಾರ. ನಮ್ಮ ಕಾಲದ ಕಂಪನಿ ನಾಟಕದ ಹಾಡು ಕಲೀಲಿ. ಸಂಗೀತ ಅಂದರ ಅದು. ಇದು ಬರೇ ಗದ್ದಲ.”

ನಾನು ದನಿಯೆತ್ತಿ ಮಾತನಾಡುವವಳಲ್ಲ. ಆದರೆ ಈ ಅನ್ಯಾಯಕ್ಕೆ ಮೈ ಉರಿಯಿತು. ತಾವು ಹದಿನಾರರ ಹರೆಯದಲ್ಲಿ ಕೇಳಿದ್ದು ಸಾಕ್ಷಾತ್ ಸರಸ್ವತಿಯ ವೀಣೆ, ಇನ್ನೊಬ್ಬರು ಆ ವಯಸ್ಸಿನಲ್ಲಿ ಕೇಳಿದ್ದು ಗದ್ದಲ! ಅತ್ತೆಯ ಮೆಚ್ಚಿನ ಗ್ರಾಮಫೋನ್ ಪ್ಲೇಟನ್ನು ನಾನೂ ಕೇಳಿದ್ದೇನೆ. ಅದರ ಹಾರ್ಮೋನಿಯಂ ಆದೋನಿಯ ಬೆಟ್ಟದ ಕೋಟೆ ಹತ್ತುವ ಮುದುಕನಂತೆ ಏದುಸಿರು ಬಿಡುತ್ತದೆ. ಎದೆಗೆ ಬಾಣ ನಟ್ಟ ರಾಜಕುಮಾರ, ಆರೋಗ್ಯವಾಗಿರುವವರಿಗೂ ಸಾಧ್ಯವಿಲ್ಲದಷ್ಟು ಉದ್ದದ ತಾನ ತೆಗೆದು, ಸಾಯಲು ಮನಸ್ಸಿಲ್ಲದೆ ಮತ್ತೆ ಪಲ್ಲವಿಗೆ ಬರುತ್ತಾನೆ. ಟಾಕಿಯ ಹಾಡಿನಲ್ಲೂ ಚಂದ್ರ, ಮಲ್ಲಿಗೆ ಬಿಟ್ಟರೆ ಬೇರೆ ವಿಚಾರವಿರಲಿಲ್ಲ, ಒಪ್ಪುತ್ತೇನೆ. ಆದರೆ ಅದು ಕಮಲಳ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಒಪ್ಪುತ್ತಿತ್ತು.

“ಅತ್ತಿ, ಹಾಡು ಹಳೇದೋ ಹೊಸದೋ ಅಂತ ಯಾಕ ನೋಡಬೇಕು? ಆಕಿ ಯಾವುದನ್ನ ಚಂದ ಹೇಳ್ತಾಳೋ ಅದಾ ಇರ್ಲಿ” ಎಂದೆ.

“ಮದರಾಸಿನಾಗ ಬಿ.ಎ. ಓದಿ ಇದನ್ನಾ ಏನು ಕಲ್ತು ಬಂದಿ?”

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಮಗಳ ಕಡೆ ತಿರುಗಿದರು. “ಗೌರೀ, ನಿನ್ನ ನೋಡಾಕ ಬಂದಾಗ ನೀ ಏನ್ ಹರಿಕಥಿ ಹೇಳಿದ್ದೇನು? ಇದಾ ಕಂಪನಿ ಹಾಡು ಹೇಳಿದ್ದಿ. ನಿಮ್ಮ ಮಾವ, ‘ಇದೇನು ಮನಿಯೋ ನಾಟಕದ ಡೇರೆಯೋ’ ಅಂತ ಎದ್ದಾ ಬಿಟ್ಟಿದ್ದ. ನಾನು ಬೀಗತಿ ಕೈ ಹಿಡಿದು ಬೇಡ್ಕೊಂಡು ಕುಂದರಿಸಿದೆ.”

“ಅವ್ವಾ, ನೀ ಸುಮ್ನ ಶೇಂಗಾ ಸುಲಿ” ಎನ್ನುತ್ತ ಅತ್ತೆ ಸೆರಗಿನ ಗಂಟು ಬಿಚ್ಚಿದರು.

ಶುಕ್ರವಾರ ಕಮಲ ಟಾಕಿ ಹಾಡನ್ನೇ ಹಾಡಿದಳು. ಬೀಗರು ಉಪ್ಪಿಟ್ಟು ಬಿಡಲಿಲ್ಲ. ಎರಡನೆಯ ಸಲವೂ ಹಾಕಿಸಿಕೊಂಡರು. “ಪಾಟ ಭಲೇ ಐತಮ್ಮಾ! ಇನ್ನೊಂದು ಹೇಳು” ಎಂದರು ಹುಡುಗನ ತಾಯಿ, ಹಾಡಿಗೆ ತೆಲುಗಿನಲ್ಲಿ ಪಾಟ ಎನ್ನುತ್ತ. ನ್ಯಾಯ ಗೆದ್ದಿತೆಂದು ನಾನು ಬಾಗಿಲ ಮರೆಯಲ್ಲಿ ಬೀಗುತ್ತಿದ್ದೆ. ಆಗ ಕಮಲ, ಎದುರು ಹೋಟೆಲಿನ ಗ್ರಾಮಫೋನು ಕೇಳಿ ಕಲಿತ ಹೊಚ್ಚಹೊಸ ಹಾಡೊಂದನ್ನು ಎತ್ತಿಕೊಂಡಳು. ಏನು ಹೇಳಲಿ! ನಡುವೆ ಚಪ್ಪಾಳೆ, ನಡುವೆ ಬಿಕ್ಕಳಿಕೆ, ಯಾವ ಭಾಷೆಯಲ್ಲೂ ಅರ್ಥವಿಲ್ಲದ ‘ಲಲ್ಲಲ್ಲಾ’. ಹುಡುಗ ಮಾತ್ರ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಬೀಗರು ಹುಡುಗಿ ಒಪ್ಪಿಗೆಯೆಂದು ಅಲ್ಲೇ ಹೇಳಿ, ಎಲೆಅಡಿಕೆ ಹಾಕಿಕೊಂಡು ಹೊರಟರು.

ಗಾಡಿ ಓಣಿ ತಿರುಗುವವರೆಗೆ ತಡೆದಿದ್ದೆ. ಆಮೇಲೆ ಆಗಲಿಲ್ಲ.

“ಅದೂ ಒಂದು ಹಾಡೇನಾ, ಕಮಲಾ? ರಾಗ ಐತೋ, ತಾಳ ಐತೋ? ಹ್ವಾದ ವರ್ಷದ ತನಕ ಟಾಕಿಯೊಳಗ ಒಂದು ಮರ್ಯಾದಿ ಇತ್ತು!”

ಕಮಲ ಸಂತೋಷದಲ್ಲಿದ್ದಳು, ‘ಲಲ್ಲಲ್ಲಾ’ ಎನ್ನುತ್ತಲೇ ಒಳಗೆ ಹೋದಳು. ಅತ್ತೆ ಮಾತ್ರ ನನ್ನನ್ನು ಎಂದೂ ನೋಡದಷ್ಟು ಪ್ರೀತಿಯಿಂದ ನೋಡಿ, ಕುಳಿತಿದ್ದ ಚಾಪೆಯ ಮೇಲೆ ಅತ್ತ ಸರಿದು ಜಾಗ ಮಾಡಿದರು. “ಬಾರವ್ವಾ, ಕುಂದರು. ನಿನಗಾದರೂ ತಿಳೀತಲ್ಲ.”

ಮರುದಿನ ಬೆಳಿಗ್ಗೆಯೂ ಅವರು ಪಕ್ಕದಲ್ಲಿ ಜಾಗ ಬಿಟ್ಟೇ ಕುಳಿತಿದ್ದರು. ನಾನು ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋಗಿ, ಎಮ್ಮೆಯ ಪಕ್ಕದಲ್ಲಿ ನಿಂತು ಕುಡಿದೆ.