ಒಂದೇ ಮಂಚದ ಗಣರಾಜ್ಯ

ರಾಜನ ಆಳ್ವಿಕೆಯನ್ನು ಕಿತ್ತೊಗೆದ ನಂತರದ ವರ್ಷಗಳಲ್ಲಿ ನಮ್ಮ ಗಣರಾಜ್ಯದಲ್ಲಿ ಸ್ವಾತಂತ್ರ್ಯಕ್ಕೆ ಕೊರತೆ ಇರಲಿಲ್ಲ, ಮಂಚಗಳಿಗೆ ಇತ್ತು. ಮಹಾಸಭೆಯು ಊರಿಂದೂರಿಗೆ ಗಂಟುಮೂಟೆ ಹೊತ್ತು ಅಲೆದು ಕೊನೆಗೆ ಬ್ರಿಂಡಲ್‌ಟನ್ನಿನಲ್ಲಿ ನೆಲೆಯೂರಿದಾಗ, ಸದಸ್ಯರ ಸಂಖ್ಯೆಗೂ ಊರಿನ ಹಾಸಿಗೆಗಳ ಸಂಖ್ಯೆಗೂ ತಾಳಮೇಳವೇ ಇಲ್ಲವೆಂದು ತಿಳಿದುಬಂತು. ಆದಕಾರಣ, ದೇಶ ಕಟ್ಟಿದ ಮಹನೀಯರು ಮಂಚಕ್ಕೆ ಇಬ್ಬರಂತೆ ಮಲಗುವ ಪದ್ಧತಿ ಜಾರಿಗೆ ಬಂತು. ದಾರಿಯ ಛತ್ರಗಳಲ್ಲೂ ಅದೇ ರೂಢಿಯಾದ್ದರಿಂದ ಯಾರೂ ಹುಬ್ಬೇರಿಸಲಿಲ್ಲ.

ನಾನು, ಏಬಲ್ ಕ್ರಂಪ್, ಆ ಮಹಾಸಭೆಯ ಬಾಗಿಲು ಕಾಯುವವನು. ವಿಧವೆ ಡಾರ್ಕಸ್ ಪೆಲ್ ನಡೆಸುತ್ತಿದ್ದ ವಸತಿಮನೆಯ ಅಟ್ಟದಲ್ಲಿ ನನ್ನ ಬಿಡಾರ. ಅದೇ ಮನೆಯ ಕೆಳಗಿನ ದೊಡ್ಡ ಕೋಣೆಯನ್ನು, ಅಂದರೆ ತನ್ನ ಸ್ವಂತ ಕೋಣೆಯನ್ನು, ಡಾರ್ಕಸಮ್ಮ ದೇಶಸೇವೆಗೆಂದು ಇಬ್ಬರು ಹಿರಿಯರಿಗೆ ಬಿಟ್ಟುಕೊಟ್ಟು ತಾನು ಅಡಿಗೆಮನೆಯ ಬೆಂಚಿನ ಮೇಲೆ ಮಲಗುತ್ತಿದ್ದಳು. ಅವರಲ್ಲಿ ಒಬ್ಬರು ಮ್ಯಾಸಚೂಸೆಟ್ಸಿನ ನ್ಯಾಯಾಧೀಶ ಬಾರ್ನಬಾಸ್ ವಿಟ್ಲೋ, ಗುಂಡಗೆ, ಗಿಡ್ಡಗೆ. ಇನ್ನೊಬ್ಬರು ವರ್ಜೀನಿಯಾದ ಕರ್ನಲ್ ಪೆರಿಗ್ರೀನ್ ಮ್ಯಾಡಾಕ್ಸ್, ಗಳುವಿನಂತೆ ಉದ್ದ. ಯುದ್ಧದ ಕಾಲದಿಂದಲೂ ಅವರು ಎಲ್ಲೇ ಹೋದರೂ ಒಂದೇ ಮಂಚದಲ್ಲಿ ಮಲಗಿದವರು. ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂದು ಜಗಳವಾಡುತ್ತಲೇ ರಾಜನ ವಿರುದ್ಧದ ಅರ್ಧ ಮನವಿಗಳನ್ನು ಬರೆದವರು. ನ್ಯಾಯಾಧೀಶರಿಗೆ ಜ್ವರ ಬಂದಾಗ ಕರ್ನಲ್ಲರು ಮಂಡಿಯುದ್ದ ಹಿಮದಲ್ಲಿ ನಡೆದು ವೈದ್ಯರನ್ನು ಕರೆತಂದದ್ದು ಊರಿಗೆಲ್ಲ ಗೊತ್ತಿತ್ತು.

ಆಮೇಲೆ ಪಕ್ಷಗಳು ಹುಟ್ಟಿದವು. ಸರಕಾರ ಗಟ್ಟಿಯಾಗಿರಬೇಕು ಎಂಬುವರದು ಒಂದು, ಸರಕಾರ ಇದ್ದೂ ಇಲ್ಲದಂತಿರಬೇಕು ಎಂಬುವರದು ಇನ್ನೊಂದು. ನ್ಯಾಯಾಧೀಶರು ಮೊದಲನೆಯದಕ್ಕೆ ನಾಯಕರಾದರು, ಕರ್ನಲ್ಲರು ಎರಡನೆಯದಕ್ಕೆ. ಎದುರು ಪಕ್ಷದವರಿಗೆ ಟೋಪಿ ತೆಗೆದು ವಂದಿಸಬಾರದು, ಮಾತಾಡಿಸಬಾರದು, ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗಬೇಕು ಎಂಬ ಶಿಷ್ಟಾಚಾರ ತಾನಾಗಿಯೇ ಬೆಳೆಯಿತು. ಇಬ್ಬರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಹಗಲೆಲ್ಲ ಪರಸ್ಪರ ರಸ್ತೆ ದಾಟಿಕೊಂಡು, ಸಂಜೆ ಬಂದು ಒಂದೇ ಕೌದಿಯೊಳಗೆ ಸೇರಿಕೊಳ್ಳುತ್ತಿದ್ದರು. ಮಂಚಕ್ಕೆ ಆಚೆ ಬದಿ ಇತ್ತೇ ಹೊರತು ರಸ್ತೆ ಇರಲಿಲ್ಲ.

ಕರ್ನಲ್ಲರ ಗುಲಾಮ ಟೈಟಸ್ ಆ ಕೋಣೆಯ ಬಾಗಿಲ ಹೊರಗೆ ಬರಿ ನೆಲದ ಮೇಲೆ ಮಲಗುತ್ತಿದ್ದ. ಅವನ ಹಾಸಿಗೆಯ ವಿಷಯ ಸಭೆಯಲ್ಲಿ ಒಮ್ಮೆಯೂ ಚರ್ಚೆಗೆ ಬರಲಿಲ್ಲ. ಅದರಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಮೆಟ್ಟಿಲಿಳಿಯುವಾಗ ಅವನನ್ನು ದಾಟಿಕೊಂಡು ಹೋಗುವ ನನಗೆ ನಾಚಿಕೆಯಾಗುತ್ತಿತ್ತು.

ಬೆಳಗಿನ ಗಂಜಿಯ ಹೊತ್ತಿಗೆ ಇಬ್ಬರ ನಡುವೆ ರಾಯಭಾರಿಯಾಗಿ ಕೂರುವ ಹೊಣೆ ನನ್ನ ಪಾಲಿಗೆ ಬಂತು.

"ಏಬಲ್, ನಿನ್ನ ಎಡಗಡೆ ಕೂತಿರೋ ಮಹಾಶಯರಿಗೆ ಹೇಳು, ಬೆಣ್ಣೆ ಇತ್ತ ಸರಿಸಲಿ ಅಂತ," ಎನ್ನುತ್ತಿದ್ದರು ನ್ಯಾಯಾಧೀಶರು.

"ಏಬಲ್, ನಿನ್ನ ಬಲಗಡೆಯವರಿಗೆ ಹೇಳು, ಬೆಣ್ಣೆ ತಿಂದೇ ಅವ್ರಿಗೆ ಗೊರಕೆ ಜಾಸ್ತಿಯಾಗಿರೋದು ಅಂತ," ಎನ್ನುತ್ತಿದ್ದರು ಕರ್ನಲ್ಲರು.

"ನನ್ನ ಗೊರಕೆ ವಿಷಯ ಇವ್ರಿಗ್ಹೇಗೆ ಗೊತ್ತು ಅಂತ ಕೇಳೋ!"

"ದೇಶಕ್ಕೇ ಗೊತ್ತು ಅಂತ ಹೇಳೋ!"

ನಾನು ಬೆಣ್ಣೆ ಸರಿಸುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಎರಡೂ ಪಕ್ಷದ ಅನುಯಾಯಿಗಳಿಗೆ ಏಕಕಾಲಕ್ಕೆ ಒಂದೇ ಅನುಮಾನ ಹುಟ್ಟಿತು. ನಾಯಕರು ನಿದ್ದೆಯಲ್ಲಿ ಕನವರಿಸಿದರೆ ಪಕ್ಷದ ಗುಟ್ಟುಗಳ ಗತಿಯೇನು? ಕೂಡಲೇ ಸಭೆಯು "ಹಾಸಿಗೆ ವ್ಯವಹಾರಗಳ ಜಂಟಿ ಸಮಿತಿ"ಯನ್ನು ನೇಮಿಸಿತು. ಸಮಿತಿಯವರು ಡಾರ್ಕಸಮ್ಮನ ಕೋಣೆಗೆ ಬಂದು, ಹಗ್ಗ ಹಿಡಿದು ಮಂಚವನ್ನು ಅಳೆದು, ಅವಳ ಮನೆಯ ಸೇಬಿನ ಹೆಂಡ ಖಾಲಿ ಮಾಡಿ, ಕೆಳಕಂಡ ಪ್ರಕಟಣೆ ಹೊರಡಿಸಿದರು:

"ಮಂಚದ ನಡುವೆ ಉದ್ದುದ್ದಕ್ಕೆ ಒಂದು ದಿಂಬನ್ನು ಇಡತಕ್ಕದ್ದು. ಸದರಿ ದಿಂಬು ಅಂತರರಾಷ್ಟ್ರೀಯ ಗಡಿಯ ಸ್ಥಾನಮಾನ ಹೊಂದಿರತಕ್ಕದ್ದು. ಮೊಣಕಾಲು ದಾಟಿದಲ್ಲಿ ಅತಿಕ್ರಮಣವೆಂದೂ, ಮೊಣಕೈ ದಾಟಿದಲ್ಲಿ ಯುದ್ಧದ ಸೂಚನೆಯೆಂದೂ ಪರಿಗಣಿಸತಕ್ಕದ್ದು. ಕನವರಿಕೆಯು ಆಯಾ ಸದಸ್ಯರ ಖಾಸಗಿ ಅಭಿಪ್ರಾಯವೇ ಹೊರತು ಪಕ್ಷದ ನಿಲುವಲ್ಲ."

ಕೌದಿಯ ಬಗ್ಗೆ ಮಾತ್ರ ಒಮ್ಮತ ಬರಲಿಲ್ಲ. ಕೌದಿ ಅಖಂಡವಾದದ್ದು, ಅದರ ಒಂದು ತುದಿ ಎಳೆದರೆ ಇಡೀ ಒಕ್ಕೂಟವೇ ಚಳಿಯಲ್ಲಿ ನಡುಗುತ್ತದೆ ಎಂದು ನ್ಯಾಯಾಧೀಶರ ಪಕ್ಷ. ಕೌದಿಯ ಪ್ರತಿಯೊಂದು ತುಂಡೂ ಸ್ವತಂತ್ರ, ಹೊಲಿಗೆ ಎಂಬುದು ಒಪ್ಪಂದ ಮಾತ್ರ, ಬೇಕಾದಾಗ ಬಿಚ್ಚಬಹುದು ಎಂದು ಕರ್ನಲ್ಲರ ಪಕ್ಷ. ಕತ್ತರಿ ತರಿಸಬೇಕೆಂಬ ಸೂಚನೆಯೂ ಬಂತು. ಆಗ ಡಾರ್ಕಸಮ್ಮ ಸೌಟು ಹಿಡಿದೇ ಸಮಿತಿಯ ಮುಂದೆ ಬಂದು, "ಅದು ನಮ್ಮವ್ವ ಹೊಲಿದ ಕೌದಿ. ಕತ್ತರಿ ಮುಟ್ಟಿದವ್ರಿಗೆ ಈ ಮನೇಲಿ ಗಂಜಿ ಇಲ್ಲ," ಎಂದಳು. ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು.

ಈ ಘಟ್ಟದಲ್ಲೇ ಆಕೆ ತನ್ನ ಸಂಕಷ್ಟವನ್ನೂ ಹೇಳಿಕೊಂಡಳು. ಪೀಪಾಯಿ ಮಾಡುವ ಯೋಸ್ಟ್ ವೈಡ್ನರನೊಂದಿಗೆ ಅವಳ ಮದುವೆ ಗೊತ್ತಾಗಿತ್ತು. ಸುಗ್ಗಿ ಮುಗಿದ ಕೂಡಲೇ ಲಗ್ನ. ಯೋಸ್ಟನ ಬಾಡಿಗೆ ಕೋಣೆಯನ್ನೂ ಯಾರೋ ಸದಸ್ಯರು ಹಿಡಿದಿದ್ದರಿಂದ ಅವನು ತನ್ನದೇ ಅಂಗಡಿಯಲ್ಲಿ ಒಂದು ದೊಡ್ಡ ಪೀಪಾಯಿಯೊಳಗೆ ಮುದುಡಿಕೊಂಡು ಮಲಗುತ್ತಿದ್ದ. ಗಂಡಹೆಂಡತಿ ಆಗುವವರಿಗೆ ಒಂದು ಕೋಣೆ ಬೇಕು, ಆದ್ದರಿಂದ ತನ್ನ ಕೋಣೆ ತನಗೆ ಬಿಟ್ಟುಕೊಡಿ ಎಂದು ಅವಳ ಅರ್ಜಿ.

ಸಮಿತಿಯು ಸಹಾನುಭೂತಿಯಿಂದ ಉತ್ತರಿಸಿತು. ಸದರಿ ಮಂಚವು ಗಡಿವಿವಾದಕ್ಕೆ ಒಳಪಟ್ಟಿರುವುದರಿಂದ, ವಿವಾದ ಇತ್ಯರ್ಥವಾಗುವವರೆಗೆ ಅದನ್ನಾಗಲಿ ಅದರ ಮೇಲಿರುವವರನ್ನಾಗಲಿ ಅಲುಗಾಡಿಸುವಂತಿಲ್ಲ. ಅರ್ಜಿದಾರಳು ಬೇಕಿದ್ದಲ್ಲಿ ಮದುವೆಯನ್ನು ಮುಂದಿನ ಪೀಳಿಗೆಗೆ ಮುಂದೂಡಬಹುದು.

"ಮುಂದಿನ ಪೀಳಿಗೆ ಎಲ್ಲಿಂದ ಬರುತ್ತೆ ಸ್ವಾಮಿ, ಕೋಣೆ ಕೊಡದೆ?" ಎಂದು ಯೋಸ್ಟ್ ಕೇಳಿದ. ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಯಿತು.

ಯೋಸ್ಟನದು ಮಾತು ಕಡಿಮೆ, ಕೈ ಚುರುಕು. ಒಂದು ವಾರ ಅಂಗಡಿ ಬಾಗಿಲು ಹಾಕಿಕೊಂಡು ಕುಟ್ಟಿ ಕುಟ್ಟಿ, ಓಕ್ ಮರದ ಒಂದು ಹೊಸ ಮಂಚವನ್ನು ಗಾಡಿಯಲ್ಲಿ ಹೇರಿಕೊಂಡು ಸಭೆಯ ಬಾಗಿಲಿಗೇ ಬಂದ. ಕಲಿತ ಕೆಲಸ ಬಿಟ್ಟು ಬೇರೆ ಗೊತ್ತಿರದ ಕಾರಣ ಅದಕ್ಕೆ ಕಬ್ಬಿಣದ ಬಳೆ ಹೊಡೆದಿದ್ದ. ಅರ್ಧ ಸೀಳಿದ ಪೀಪಾಯಿಯೇ ಸರಿ. ಆದರೆ ಗಟ್ಟಿಮುಟ್ಟಾಗಿತ್ತು.

"ಇದು ಬಿಟ್ಟಿ," ಎಂದ. "ಒಬ್ರು ನನ್ನ ಅಂಗಡೀಲಿ ಇದರ ಮೇಲೆ ಮಲಗ್ಲಿ. ಇನ್ನೊಬ್ರು ಏಬಲ್ ಜೊತೆ ಅಟ್ಟಕ್ಕೆ ಹೋಗ್ಲಿ. ಗಡಿಯೂ ಇಲ್ಲ, ಜಗಳವೂ ಇಲ್ಲ."

ಇಷ್ಟು ಸುಲಭವಾದ ಪರಿಹಾರ ಸಭೆಯೊಳಗೆ ಬಂದದ್ದು ಅದೇ ಮೊದಲು. ಅದನ್ನು ಏನು ಮಾಡಬೇಕೆಂಬ ನಿಯಮವೇ ಇರಲಿಲ್ಲ.

ನ್ಯಾಯಾಧೀಶರು ಎದ್ದು ನಿಂತರು. ಮುಖ ಬಿಳುಚಿಕೊಂಡಿತ್ತು. "ಎರಡು ಮಂಚ ಅಂದ್ರೆ ಎರಡು ದೇಶ!" ಎಂದು ಗುಡುಗಿದರು. "ಇವತ್ತು ಮಂಚ ಒಡೆಯುತ್ತೆ, ನಾಳೆ ಒಕ್ಕೂಟ ಒಡೆಯುತ್ತೆ. ನನ್ನ ಹೆಣದ ಮೇಲೆ ಆ ಪೀಪಾಯಿ ಒಳಗೆ ಬರ್ಬೇಕು!"

ಕರ್ನಲ್ಲರೂ ಎದ್ದರು. ಅವರ ಮುಖವೂ ಅಷ್ಟೇ ಬಿಳುಚಿತ್ತು. "ಇವತ್ತು ಮಂಚ ಕೊಡೋ ಸರಕಾರ ನಾಳೆ ಯಾವ ಮಗ್ಗುಲಿಗೆ ಮಲಗ್ಬೇಕು ಅಂತಾನೂ ಹೇಳುತ್ತೆ! ಹೊಸ ಮಂಚ ಅಂದ್ರೆ ಹೊಸ ಸರಪಳಿ! ನೋಡಿ, ಕಬ್ಬಿಣದ ಬಳೆ ಬೇರೆ ಹಾಕಿದಾನೆ!"

ಮತಕ್ಕೆ ಹಾಕಲಾಯಿತು. ಎರಡನೆಯ ಮಂಚದ ಪ್ರಸ್ತಾವವು ಸರ್ವಾನುಮತದಿಂದ ಬಿದ್ದುಹೋಯಿತು. ಪಕ್ಷಗಳು ಹುಟ್ಟಿದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಕೈ ಎತ್ತಿದ್ದು ಅದೇ ಪ್ರಥಮ. ಸದಸ್ಯರು ತಮ್ಮ ತಮ್ಮ ಕೈಗಳನ್ನೇ ಬೆರಗಿನಿಂದ ನೋಡಿಕೊಂಡರು. ಚರ್ಚಿನ ಗಂಟೆ ಬಾರಿಸಿದರು. ತೋಪು ಹಾರಿಸಿದರು. ಆ ದಿನವನ್ನು ರಾಷ್ಟ್ರೀಯ ಐಕ್ಯದ ಹಬ್ಬವೆಂದು ಘೋಷಿಸಿ, ಹಬ್ಬದ ಅಡುಗೆಯ ಹೊಣೆಯನ್ನು ಡಾರ್ಕಸಮ್ಮನಿಗೆ ವಹಿಸಲಾಯಿತು.

ಅಡುಗೆ ಮಾಡಲು ಬರಬೇಕಾದವಳು ನೇರ ಸಭೆಯೊಳಗೇ ನುಗ್ಗಿದಳು. ಹೆಂಗಸರಿಗೆ ಪ್ರವೇಶವಿಲ್ಲ ಎಂದು ತಡೆಯುವುದು ನನ್ನ ಕೆಲಸ. ಅವಳ ಮುಖ ನೋಡಿದ ಮೇಲೆ ನಾನು ಬಾಗಿಲ ಹಿಂದಿದ್ದ ಜೇಡರ ಬಲೆಯನ್ನು ಪರೀಕ್ಷಿಸತೊಡಗಿದೆ.

"ನ್ಯಾಯಾಧೀಶ್ರೇ, ಕರ್ನಲ್ ಸಾಹೇಬ್ರೇ, ಇಬ್ರೂ ಕೇಳಿ," ಎಂದಳು. "ಬೆಳಗ್ಗೆ ಅಗ್ಗಿಷ್ಟಿಕೆಯಿಂದ ಒಲೆಗೆ ಕೆಂಡ ತಗೊಳ್ಳೋಕೆ ದಿನಾ ಆ ಕೋಣೆಗೆ ಹೋಗೋಳು ನಾನು. ನಿಮ್ಮ ಗಡಿ ದಿಂಬು ದಿನಾ ನೆಲದ ಮೇಲೆ ಬಿದ್ದಿರುತ್ತೆ. ನೀವಿಬ್ರೂ ಬೆನ್ನಿಗೆ ಬೆನ್ನು ತಾಗಿಸ್ಕೊಂಡು ಮಕ್ಕಳ ಹಾಗೆ ಮಲಗಿರ್ತೀರಿ. ಒಬ್ರಿಗೊಬ್ರು ಇಲ್ದೆ ಇಬ್ರಿಗೂ ನಿದ್ದೆ ಬರಲ್ಲ. ಅಷ್ಟು ಹೇಳೋಕೆ ಬಾಯಿಲ್ಲ, ಸರಕಾರ ಮಧ್ಯೆ ತರ್ತೀರಿ! ರಾಜಿ ಆಗ್ರಪ್ಪ. ನನ್ನ ಕೋಣೆ ನನಗೆ ಬಿಡಿ."

ನ್ಯಾಯಾಧೀಶರು ತಮ್ಮ ಶೂಗಳ ಬಕಲ್ ನೋಡಿದರು. ಕರ್ನಲ್ಲರು ಕಿಟಕಿಯಾಚೆ ನೋಡಿದರು. ಇಬ್ಬರ ಕಿವಿಗಳೂ ಕೆಂಪಾಗಿದ್ದವು. ಒಂದು ಕ್ಷಣ, ದೇವರಾಣೆ, ಕರ್ನಲ್ಲರ ಕೈ ಟೋಪಿಯ ಕಡೆಗೆ ಹೋಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ಇದು ಎರಡೂ ಪಕ್ಷಗಳ ಮಾನಹಾನಿ!" ಎಂದು ಕೂಗಿದರು. ಕೈ ಕೆಳಗಿಳಿಯಿತು.

ಡಾರ್ಕಸಮ್ಮನ ಹೇಳಿಕೆಯನ್ನು ಕಡತದಿಂದ ತೆಗೆದುಹಾಕಲು ನಿರ್ಣಯವಾಯಿತು, ಪುನಃ ಸರ್ವಾನುಮತದಿಂದ. ಐಕ್ಯ ಈಗ ಸಭೆಗೆ ಚಟವಾಗತೊಡಗಿತ್ತು.

"ತೆಗೀರಿ," ಎಂದಳು ಡಾರ್ಕಸಮ್ಮ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು. "ನನ್ನ ಸಂಸಾರ ಎಲ್ಲಿ ಹೂಡ್ಲಿ ಅಂತ ಹೇಳೋವರೆಗೂ ನಾನು ಏಳಲ್ಲ. ಹಬ್ಬದೂಟ ನೀವೇ ಬೇಯಿಸ್ಕೊಳ್ಳಿ."

ಮಧ್ಯಾಹ್ನವಾಯಿತು. ಹೊಟ್ಟೆಗಳು ಗೊಣಗಿದವು. ಹಸಿವು ಹೆಚ್ಚಿದಂತೆ ಸದಸ್ಯರ ಬುದ್ಧಿ ಹರಿತವಾಗಿ, ಕೊನೆಗೆ ಹೀಗೊಂದು ಆದೇಶ ಹೊರಬಿತ್ತು: "ಗಡಿಯ ಮೇಲೆ ಹಗಲಿರುಳೂ ನಿಗಾ ಇಡುವುದು ಅಗತ್ಯವಾದ್ದರಿಂದ, ಮಹಾಸಭೆಯು ಇನ್ನು ಮುಂದೆ ಸದರಿ ಮಂಚದ ಸುತ್ತಲೇ ಸೇರತಕ್ಕದ್ದು. ತೆರವಾದ ಸಭಾಂಗಣವನ್ನು ಶ್ರೀ ಮತ್ತು ಶ್ರೀಮತಿ ವೈಡ್ನರರ ವಾಸಕ್ಕೆ ಕೊಡತಕ್ಕದ್ದು. ಬಾಗಿಲು ಕಾಯುವವನು ಸಭಾಂಗಣದಲ್ಲೇ ಮುಂದುವರಿಯತಕ್ಕದ್ದು. ಅವನ ಹುದ್ದೆ ಬಾಗಿಲಿಗೆ ಸೇರಿದ್ದೇ ಹೊರತು ಸದಸ್ಯರಿಗಲ್ಲ."

ಸುಗ್ಗಿ ಮುಗಿದ ಕೂಡಲೇ ಲಗ್ನವಾಯಿತು. ಪೀಪಾಯಿ ಮಂಚವನ್ನು ಅಧ್ಯಕ್ಷಪೀಠವಿದ್ದ ಜಾಗದಲ್ಲಿ ಹಾಕಿದರು. ಒಲೆಯ ಬಿಸಿ ಅಲ್ಲಿಗೇ ಚೆನ್ನಾಗಿ ತಾಗುತ್ತದೆ. ಅತ್ತ ಡಾರ್ಕಸಮ್ಮನ ಕೋಣೆಯಲ್ಲಿ ಗಣರಾಜ್ಯದ ಕಲಾಪ ಸಾಂಗವಾಗಿ ನಡೆದಿದೆ. ಇಬ್ಬರು ನಾಯಕರು ರಾತ್ರಿಟೋಪಿ ಧರಿಸಿ ಮಂಚದ ಮೇಲಿಂದಲೇ ಭಾಷಣ ಮಾಡುತ್ತಾರೆ, ಪರಸ್ಪರ ಮುಖ ನೋಡದೆ, ಬೆನ್ನಿಗೆ ಬೆನ್ನು ಆನಿಸಿಕೊಂಡು. ಇಬ್ಬರ ಆರೋಗ್ಯವೂ ಸುಧಾರಿಸಿದೆ.

ಸಭಾಂಗಣ ಬದಲಾದ ಸುದ್ದಿ ಹಳ್ಳಿಗಳಿಗೆ ಇನ್ನೂ ತಲುಪಿಲ್ಲ. ಸರಕಾರ ನೋಡಲು ಬರುವವರು ನಮ್ಮಲ್ಲಿಗೇ ಬರುತ್ತಾರೆ. ನಿಯಮದಂತೆ ನಾನು ಅವರನ್ನು ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಕೂರಿಸುತ್ತೇನೆ. ಕಳೆದ ವಾರ ವರ್ಮಾಂಟಿನ ರೈತನೊಬ್ಬ ಬಂದಿದ್ದ. ಟೋಪಿ ತೊಡೆಯ ಮೇಲಿಟ್ಟುಕೊಂಡು ಭಕ್ತಿಯಿಂದ ಕೆಳಗೆ ನೋಡುತ್ತ ಕೂತ. ಕೆಳಗೆ ವಾಗ್ವಾದ ನಡೆದಿತ್ತು.

"ಸಾರಿಗೆ ಉಪ್ಪು ಜಾಸ್ತಿ ಕಣೇ," ಎಂದ ಯೋಸ್ಟ್.

"ನೀರು ಹಾಕ್ಕೊಳ್ರಿ," ಎಂದಳು ಡಾರ್ಕಸಮ್ಮ.

ಅವನು ನೀರು ಹಾಕಿಕೊಂಡ, ತಿಂದ, ಚೆನ್ನಾಗಿದೆ ಎಂದ.

ರೈತನ ಕಣ್ಣಲ್ಲಿ ನೀರು. "ಇಷ್ಟು ಬೇಗ ಇತ್ಯರ್ಥ ಆಗೋಯ್ತಾ?" ಎಂದು ನನ್ನ ಕಿವಿಯಲ್ಲಿ ಕೇಳಿದ. ಆಯಿತು ಎಂದೆ. ಅವನು ಊರಿಗೆ ಹೋಗಿ ಕಂಡದ್ದನ್ನು ಕಂಡಹಾಗೆ ಹೇಳಿದನಂತೆ. ಆ ಜಿಲ್ಲೆಯವರು ಬಾಕಿಯಿದ್ದ ತೆರಿಗೆಯನ್ನೆಲ್ಲ ಗಾಡಿಯಲ್ಲಿ ಹೇರಿ ಕಳಿಸಿದ್ದಾರೆ, ಜೊತೆಗೆ ಸಭೆಗೆ ಒಂದು ಮನವಿ: ಈಗಿನ ಸರಕಾರವನ್ನು ದಯವಿಟ್ಟು ಬದಲಾಯಿಸಬೇಡಿ.