ಬೀಗರ ಮುಂದೆ ಗ್ರಂಥಾಲಯ ಹುಡುಕಿದ್ದು

ನಾನು ಶೇಂದ್ರಾ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ಸಂಶಯಪಡುವುದಕ್ಕೇ ನನಗೆ ಸಂಬಳ. ಆದ್ದರಿಂದ ಮಗಳ ಮದುವೆ ಮಾತುಕತೆಗೆ ನಾವಿರುವ ಛತ್ರಪತಿ ಸಂಭಾಜಿನಗರದಿಂದ ನಾಸಿಕಕ್ಕೆ ಹೊರಟಾಗ ಇ-ರೀಡರನ್ನು ಚೀಲದಲ್ಲಿ ಇಟ್ಟುಕೊಂಡೇ ಹೋದೆ. ನನ್ನ ಇಡೀ ಗ್ರಂಥಾಲಯ ಅದರೊಳಗಿದೆ. ಬೀಗರು ಏನೇ ಕೇಳಲಿ, ಆಧಾರಸಹಿತ ಉತ್ತರ!

ಬೀಗರಾಗುವವರು ಕುಂದಾಪುರದ ಕಡೆಯವರು. ನಾಸಿಕದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಹುಡುಗ, ಹುಡುಗಿ ಮೊದಲೇ ಒಪ್ಪಿಕೊಂಡಿದ್ದರು. ಉಳಿದದ್ದು ಒಂದೇ ಪ್ರಶ್ನೆ: ಮದುವೆ ಯಾರ ಊರಿನಲ್ಲಿ?

"ಹೆಣ್ಣಿನ ಮನೆಯವರದ್ದೇ ಅಲ್ವಾ ಮಾರಾಯ್ರೇ? ನಮ್ಮಲ್ಲಿ ಹಾಗೇ" ಎಂದ ಬೀಗರು ನಗುತ್ತಾ ನನ್ನ ಲೋಟಕ್ಕೆ ಮತ್ತಷ್ಟು ಕಾಫಿ ಸುರಿದರು. ಆ ಕಾಫಿಯ ಮೇಲೆ ನನಗೆ ಸಂಶಯ ಬಂತು.

"ನಮ್ಮ ವಿಜಯಪುರದ ಕಡೆ ಗಂಡಿನ ಮನ್ಯಾಗ ಆಗ್ತೈತ್ರಿ. ಪುಸ್ತಕದಾಗ ಐತಿ" ಎಂದೆ.

ಹೆಂಡತಿ ಮೊಣಕೈಯಿಂದ ತಿವಿದಳು. "ಯಾವ ಪುಸ್ತಕದಾಗ್ರೀ?"

"ಈಗ ಹುಡುಕಿ ತೋರಸ್ತೀನಿ!"

ಎಲ್ಲ ಪುಸ್ತಕಗಳಲ್ಲೂ ಒಟ್ಟಿಗೆ ಹುಡುಕುವ ಸೌಲಭ್ಯವನ್ನು ತೆರೆದು 'ಗಂಡಿನ ಮನೆ' ಎಂದು ಬರೆದೆ. ಫಲಿತಾಂಶ ಸೊನ್ನೆ. 'ಮದುವೆ' ಎಂದು ಬರೆದೆ. ಅದೂ ಸೊನ್ನೆ. ಇಷ್ಟೊಂದು ಕನ್ನಡ ಪುಸ್ತಕಗಳಲ್ಲಿ ಒಬ್ಬರಿಗೂ ಮದುವೆಯಾಗಿಲ್ಲ!

ಯಾರೋ ಅಳಿಸಿದ್ದಾರೆ. ಊಟದ ನಂತರ ನಾನು ಕೈ ತೊಳೆಯಲು ಹೋದಾಗ ಇ-ರೀಡರ್ ಮೇಜಿನ ಮೇಲಿತ್ತು. ಪಕ್ಕದಲ್ಲಿ ಕುಳಿತಿದ್ದವನು ವರ. ನಿಧಾನವಾಗಿ ಅವನತ್ತ ತಿರುಗಿದೆ.

"ಇದನ್ನೇನರ ಮುಟ್ಟಿದ್ರೇನ್ರೀ?"

"ನಾಹೀ ಅಂಕಲ್!" ಎಂದು ನಾಸಿಕದಲ್ಲೇ ಬೆಳೆದ ಅವನು ಮರಾಠಿಯಲ್ಲೇ ಬೆಚ್ಚಿಬಿದ್ದ. ಆಮೇಲೆ ಅದನ್ನು ಕೈಗೆ ತೆಗೆದುಕೊಂಡು ನೋಡಿದ. "ಇವೆಲ್ಲ ಸ್ಕ್ಯಾನ್ ಮಾಡಿದ್ದು. ಪುಟಗಳ ಫೋಟೋ ಅಷ್ಟೇ. ಫೋಟೋದೊಳಗಿನ ಅಕ್ಷರ ಇದರಲ್ಲಿ ಸರ್ಚ್ ಆಗೂದಿಲ್ಲ. ಟೈಪ್ ಮಾಡಿದ ಪುಸ್ತಕ ಒಂದೇ ಉಂಟು."

"ಅದರಲ್ಲೇ ನೋಡು ಮಗಾ. 'ಪುಸ್ತಕದಲ್ಲಿದೆ' ಅಂದ್ರಲ್ಲ, ಅದನ್ನೇ ಹಾಕು" ಎಂದರು ಬೀಗರು.

ಹಾಕಿದ. ಒಂದು ಫಲಿತಾಂಶ ಬಂತು!

"ಜೋರಾಗಿ ಓದ್ರಿ!" ಎಂದು ನಾನು ಎದೆಯುಬ್ಬಿಸಿದೆ.

ಅವನು ತಡವರಿಸುತ್ತಾ ಓದಿದ: "ವಾದದಲ್ಲಿ ಉತ್ತರ ತೋಚದಿದ್ದಾಗ 'ಪುಸ್ತಕದಲ್ಲಿದೆ' ಎಂದುಬಿಡಿ. ಯಾರೂ ಹುಡುಕಲು ಹೋಗುವುದಿಲ್ಲ."

ನಾನು ಇ-ರೀಡರ್ ಕಸಿದುಕೊಳ್ಳಲು ಕೈ ಚಾಚಿದೆ.

"ಅಂಕಲ್, ಇದಕ್ಕೆ ನೀವು ಅಂಡರ್‌ಲೈನ್ ಕೂಡ ಮಾಡಿದ್ದೀರಿ."

ಗಂಡಿನ ಮನೆಯ ವಿಷಯವನ್ನೂ ನಾನು ಎಲ್ಲೋ ಓದಿದ್ದೆ, ಪ್ರಮಾಣ ಮಾಡಿ ಹೇಳಬಲ್ಲೆ. ಯಾರೂ ಪ್ರಮಾಣ ಕೇಳಲಿಲ್ಲ. ಬೀಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಹಾಗಾದ್ರೆ ಮದುವೆ ನಿಮ್ಮಲ್ಲೇ ಅಲ್ವಾ?"

"ಹೂಂರೀ ಅಣ್ಣಾರ, ನಮ್ಮಲ್ಲೇ" ಎಂದು ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮುಗಿಸಿಬಿಟ್ಟಳು.

ಈಗ ನಮ್ಮೂರಿನ ಚಿಕಲಠಾಣಾದ ಸುತ್ತಮುತ್ತ ಮದುವೆಗೆ ಮಂಗಲ ಕಾರ್ಯಾಲಯ ನೋಡುತ್ತಿದ್ದೇವೆ. ನಿನ್ನೆ ನಾನೊಬ್ಬನೇ ಹೋಗಿ ಒಂದನ್ನು ನೋಡಿ ಬಂದು, "ಭಾಳ ಚಲೋ ಐತಿ" ಎಂದೆ.

ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ, ಐತೋ ಇಲ್ಲೋ ನೋಡೂಣು."