ಗೋಡೆಯಾಚೆಯ ಮೂರಡಿ

ಲೋಕೋಪಯೋಗಿ ಇಲಾಖೆಯ ಕೆಲಸವೇನು ಎಂದು ಯಾರಾದರೂ ಕೇಳಿದರೆ ರಸ್ತೆ, ಸೇತುವೆ, ಸರಕಾರಿ ಕಟ್ಟಡ ಎಂದು ಬಡಬಡ ಹೇಳಿಬಿಡುತ್ತೇನೆ. ನಿಜ ಹೇಳಬೇಕೆಂದರೆ, ಅಲ್ಲಿ ಇಂಜಿನಿಯರನಾಗಿ ಇಷ್ಟು ವರ್ಷ ನಾನು ಅತಿ ಶ್ರದ್ಧೆಯಿಂದ ಮಾಡಿದ್ದು ಬೇರೆಯೇ ಕೆಲಸ: ಯಾವುದು ನಮ್ಮದಲ್ಲ ಎಂದು ತೋರಿಸಿಕೊಡುವುದು. ಮುಂಬಯಿಯಲ್ಲಿ ಮೇಲಿನ ಡಾಂಬರು ಒಬ್ಬರದು, ಕೆಳಗಿನ ಕೊಳವೆ ಇನ್ನೊಬ್ಬರದು; ಗುಂಡಿ ಬಿದ್ದಾಗ ಮಾತ್ರ ಅದು ಯಾರದೂ ಅಲ್ಲ. ಅಂಧೇರಿಯ ಮದುವೆಯೊಂದರಲ್ಲಿ ಬೀಗರೊಬ್ಬರು ಊಟದ ನಡುವೆ ರಸ್ತೆಗುಂಡಿಯ ಮಾತೆತ್ತಿದರು. ಅದು ಪಾಲಿಕೆಯದು ಎಂದು ನಾನು ಸಾಬೀತು ಮಾಡುವಷ್ಟರಲ್ಲಿ ಹೋಳಿಗೆಯ ಬುಟ್ಟಿ ನನ್ನ ಎಲೆ ದಾಟಿ ಹೋಗಿತ್ತು.

ನಾವಿರುವುದು ವಡಾಲದ ಸರಕಾರಿ ಕ್ವಾರ್ಟರ್ಸಿನಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದರ ಕಂಪೌಂಡ್ ಗೋಡೆ ಕಟ್ಟಿಸಿದ್ದು ನಾನೇ. ಗೋಡೆ ಬರಬೇಕಾದಲ್ಲಿ ಒಂದು ಅರಳಿಮರವಿತ್ತು. ಕಡಿಸಲು ಮನಸ್ಸಾಗದೆ ಗೋಡೆಯನ್ನೇ ಮೂರಡಿ ಒಳಗೆ ಸರಿಸಿದೆ. ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಈ ಕಥೆಯನ್ನೂ ಕೊಡುವುದು ನನ್ನ ವಾಡಿಕೆ. ಎದುರಿನ ಚಾಳಿನ ಸಾಲುಮನೆಯ ಖತೀಜಾಬಿಗಂತೂ ಅದು ಬಾಯಿಪಾಠ. ವಿಜಯಪುರದ ಕಡೆಯವಳು, ಬ್ಲೌಸ್ ಹೊಲಿದು ಒಬ್ಬಳೇ ಸಂಸಾರ ತೂಗಿಸುವವಳು. ನನ್ನ ಹೆಂಡತಿಯ ಅಳತೆ ತೆಗೆಯಲು ಬಂದಾಗಲೆಲ್ಲ ಕೇಳಿದ್ದಾಳೆ.

ಮಳೆಗಾಲಕ್ಕೆ ಮುಂಚೆ ಅವಳೇ ಎಚ್ಚರಿಸಿದ್ದಳು: "ಅಣ್ಣಾ, ನಿಮ್ಮ ಗೇಟಿನ ಮುಂದಿನ ಗಟಾರದ ಕಲ್ಲು ಅಳ್ಳಾಡಾಕತ್ತೈತಿ. ಯಾರರ ಬೀಳ್ತಾರ ನೋಡ್ರಿ."

ನಾನು ಟೇಪು ಹಿಡಿದು ಅಳೆದೆ. ಗೋಡೆಯಿಂದ ಎರಡಡಿ ಆಚೆ. "ಇದು ನಮ್ಮದಲ್ಲ ಬಿಡವಾ, ಮುನಸಿಪಾಲ್ಟೀದು" ಎಂದು ಹೇಳಿ, ಪಾಲಿಕೆಗೆ ಪತ್ರ ಬರೆದೆ. ನಿಮ್ಮದೇ ಎಂದು ಅವರೂ ಅಷ್ಟೇ ಚೆಂದದ ಉತ್ತರ ಬರೆದರು. ನಾನು ಮೂರನೆಯ ಪತ್ರದ ಕರಡು ತಿದ್ದುತ್ತಿದ್ದ ವಾರ, ಖತೀಜಾಬಿ ಅದೇ ಕಲ್ಲಿನ ಮೇಲೆ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು.

ಗಂಡಹೆಂಡತಿ ನೋಡಲು ಹೋದೆವು. ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ಸಮಾಧಾನ ಹೇಳುವ ಭರದಲ್ಲಿ ನಾನು, "ಆ ಜಾಗಾ ನಮ್ಮದಿದ್ರ ಒಂದ ದಿನದಾಗ ಮಾಡಸ್ತಿದ್ದೆ ನೋಡವಾ" ಎಂದೆ. ಅವಳು ಸಿಟ್ಟಾಗಲಿಲ್ಲ.

"ಗ್ವಾಡಿ ಮೂರು ಫೂಟ್ ಒಳಗ ತಗೊಂಡೆ ಅಂತೀರಲ್ಲಣ್ಣಾ, ಹೊರಗ ಉಳದದ್ದು ಯಾರದು? ನಾ ಬ್ಲೌಸಿನ ಹೊಲಿಗಿ ಒಳಗ ಹಿಡದ್ರ, ಉಳದ ಅರಿವಿ ಬ್ಯಾರೆಯವ್ರದ್ದು ಆಗ್ತೈತೇನು?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಮೆಷಿನ್ನಿನ ಗಾಲಿ ನೋಡಿದೆ. ಮರುದಿನ ಆಫೀಸಿನಲ್ಲಿ ಹಳೆಯ ನಕ್ಷೆ ಬಿಡಿಸಿದರೆ, ಆ ಕಲ್ಲಿನ ಜಾಗ ನಮ್ಮ ಗಡಿಯೊಳಗೇ ಇತ್ತು. ಕೆಳಗೆ ನನ್ನದೇ ಸಹಿ. ಸರ್ವಿಸಿನಲ್ಲಿ ಮೊದಲ ಬಾರಿಗೆ "ಇದು ನಮ್ಮದು, ತಪ್ಪು ನನ್ನದು" ಎಂದು ಬರೆದೆ. ಇಂಥ ಪತ್ರವನ್ನು ಯಾವ ಫೈಲಿಗೆ ಸೇರಿಸುವುದೆಂದು ಗುಮಾಸ್ತರು ಪೇಚಾಡಿದರು. ಎರಡೇ ದಿನದಲ್ಲಿ ಹೊಸ ಕಲ್ಲು ಕೂತಿತು.

ಕೈ ಅಷ್ಟು ಬೇಗ ಕೂಡಲಿಲ್ಲ. ಪ್ಲಾಸ್ಟರ್ ಬಿಚ್ಚಿದರೂ ಸೂಜಿಗೆ ದಾರ ಪೋಣಿಸುವಷ್ಟು ಹಿಡಿತ ಬೆರಳುಗಳಿಗೆ ಬಂದಿಲ್ಲ. ದಿನಾ ಸಂಜೆ ಆಫೀಸಿನಿಂದ ಬರುವಾಗ ನಾನು ಚಾಳಿಗೆ ಹೋಗಿ, ಮರುದಿನದ ಕೈಹೊಲಿಗೆಗೆ ಬೇಕಾದ ಸೂಜಿಗಳಿಗೆಲ್ಲ ದಾರ ಪೋಣಿಸಿಡುತ್ತೇನೆ.

"ಇದೂ ನಿಮ್ಮ ಇಲಾಖೇದ ಕೆಲಸೇನಣ್ಣಾ?" ಎಂದು ಅವಳು ಕೆಣಕುತ್ತಾಳೆ.

ಚಾಳೀಸಿನ ಹಿಂದೆ ಕಣ್ಣು ಕಿರಿದು ಮಾಡಿ, ಮೂರನೆಯ ಸಲವೂ ಸೂಜಿಯ ಕಣ್ಣು ತಪ್ಪಿಸಿ, "ಹೂನವಾ, ನಮ್ಮದ" ಎನ್ನುತ್ತೇನೆ.